ನೆಲದಿಂದ ಸೀಟಿನವರೆಗೆ

ಅಳಿಯ: ಅತ್ತೆ, ಊಟ ಆಯ್ತಲ್ಲ, ಈ ಟೇಬಲ್ ಸ್ವಲ್ಪ ಖಾಲಿ ಮಾಡ್ಲಾ? ಒಂದು ಡ್ರಾಯಿಂಗ್ ತಂದಿದ್ದೀನಿ. ನೀವು ನೋಡಲೇಬೇಕು.

ಅತ್ತೆ: ಹಾಸು, ಹಾಸು. ಆ ಉಪ್ಪಿನಕಾಯಿ ಜಾಡಿ ಒಂದು ಮೂಲೆಗಿಡು, ಇಲ್ಲದಿದ್ರೆ ಮತ್ತೆ ಸುರುಳಿ ಸುತ್ಕೊಳ್ಳುತ್ತೆ. ಯಾರ ಮನೆ ಇದು?

ಅಳಿಯ: ಮನೆ ಅಲ್ಲ. ಒಂದು ರಾಷ್ಟ್ರೀಯ ಉದ್ಯಾನದಲ್ಲಿ ಸಫಾರಿ ಹತ್ತೋ ಜಾಗ. ಟಿಕೆಟ್ ಕೌಂಟರ್, ಕಾಯೋ ಹಾಲು, ಶೌಚಾಲಯ, ಬಸ್ಸು ಜೀಪು ನಿಲ್ಲೋ ಅಂಗಳ. ಇನ್ನೂ ಮಂಜೂರಾಗಿಲ್ಲ, ಅದಕ್ಕೆ ಯಾವ ಕಾಡು ಅಂತ ಹೇಳೋ ಹಾಗಿಲ್ಲ. ನಿಮ್ಮನ್ನ ನೆನೆಸ್ಕೊಂಡೇ ರ‍್ಯಾಂಪ್ ಹಾಕಿದ್ದೀನಿ. ಇಲ್ಲಿ ನೋಡಿ.

ಅತ್ತೆ: ಇದು ಕಟ್ಟಡದ ಹಿಂದಲ್ವೇನೋ?

ಅಳಿಯ: ಮುಂದುಗಡೆ ಪೂರ್ತಿ ಮೆಟ್ಟಿಲು ಬಂತು. ಹಿಂದೆ ಜನರೇಟರ್ ಪಕ್ಕ ಜಾಗ ಇತ್ತು.

ಅತ್ತೆ: ವೀಲ್‌ಚೇರಿಗೆ ಬಂದ ಈ 19 ವರ್ಷದಲ್ಲಿ ನಾನು ಎಷ್ಟು ಕಟ್ಟಡಗಳ ಹಿಂದನ್ನ ನೋಡಿದ್ದೀನಿ ಗೊತ್ತಾ? ಅಡುಗೆಮನೆ ದಾರಿ, ಸಾಮಾನು ಸಾಗಿಸೋ ಲಿಫ್ಟು, ಗ್ಯಾಸ್ ಸಿಲಿಂಡರ್ ಪೇರಿಸಿಟ್ಟ ಓಣಿ. ಹಿಂದಿನಿಂದ ಒಳಗೆ ಬಂದವಳಿಗೆ ಟಿಕೆಟ್ ಕೌಂಟರ್ ಯಾವ ಕಡೆ ಅನ್ನೋದೂ ತಿಳಿಯಲ್ಲ. ಜೊತೆಗೆ ಬಂದವರು ಮುಂದಿನ ಬಾಗಿಲಲ್ಲಿ ಕಾಯ್ತಾ ನಿಂತಿರ್ತಾರೆ, ನಾನು ಒಬ್ಬಳೇ ಸುತ್ತು ಹಾಕ್ಕೊಂಡು ಬರ್ತೀನಿ. ಇರಲಿ, ಅದು ಆಮೇಲೆ. ಎತ್ತರ ಎಷ್ಟು?

ಅಳಿಯ: ನೆಲದಿಂದ 2 ಅಡಿ.

ಅತ್ತೆ: ರ‍್ಯಾಂಪ್ ಉದ್ದ?

ಅಳಿಯ: 12 ಅಡಿ.

ಅತ್ತೆ: ಅಂದ್ರೆ ಒಂದಕ್ಕೆ ಆರು. ನೀನು ಇಂಜಿನಿಯರು, ನಾನು ಜೀವಶಾಸ್ತ್ರದ ಮೇಷ್ಟ್ರು. ಆದ್ರೂ ಈ ಲೆಕ್ಕ ನನ್ನ ತೋಳಿಗೆ ಬಾಯಿಪಾಠ. ಒಂದು ಅಡಿ ಏರಬೇಕಾದ್ರೆ 12 ಅಡಿ ಉದ್ದ ಇರಬೇಕು. ನಿನ್ನ 2 ಅಡಿಗೆ 24 ಅಡಿ ಬೇಕು. ಒಂದಕ್ಕೆ ಆರು ಇಟ್ರೆ ಮೇಲಕ್ಕೆ ತಳ್ಳೋವಾಗ ಮುಂದಿನ ಚಿಕ್ಕ ಚಕ್ರ ನೆಲ ಬಿಟ್ಟು ಏಳುತ್ತೆ, ಕುರ್ಚಿ ಹಿಂದಕ್ಕೆ ಮಗುಚುತ್ತೆ. ಇಳಿಯೋವಾಗ ಅಂಗೈ ಚರ್ಮ ಸುಲಿದು ಬರುತ್ತೆ. ಸರಿ, ಹೇಗೋ ಹತ್ತಿದೆ ಅಂತಿಟ್ಕೋ. ಹಾಲಿಗೆ ಬಂದೆ. ಇಲ್ಲಿಂದ ಬಸ್ಸಿಗೆ?

ಅಳಿಯ: ಅಲ್ಲಿ ಸಿಬ್ಬಂದಿ ಇರ್ತಾರೆ ಅತ್ತೆ. ಎತ್ತಿ ಕೂರಿಸ್ತಾರೆ.

ಅತ್ತೆ: ಎತ್ತಿ ಕೂರಿಸ್ತಾರೆ.

ಅಳಿಯ: ಯಾಕೆ ಹಾಗೆ ನೋಡ್ತೀರಿ? ಒಳ್ಳೆ ಜನ. ಕಾಡಂಚಿನ ಊರಿನ ಹುಡುಗರು, ಯಾರೂ ಇಲ್ಲ ಅನ್ನಲ್ಲ.

ಅತ್ತೆ: ಒಳ್ಳೇವರೇ ಕಣೋ, ಅದರಲ್ಲಿ ಎರಡು ಮಾತಿಲ್ಲ. ನಿನಗೆ ಒಂದು ಸಂಗತಿ ಹೇಳ್ತೀನಿ, ನಿಮ್ಮ ಅಪ್ಪನಿಗೂ ಹೇಳಿಲ್ಲ. ಅಪಘಾತ ಆಗಿ ನಾಲ್ಕು ವರ್ಷ ಆಗಿತ್ತು. ನನ್ನ ಹಳೇ ವಿದ್ಯಾರ್ಥಿಗಳು ಸೇರ್ಕೊಂಡು ಒಂದು ಕಾಡಿಗೆ ಕರ್ಕೊಂಡು ಹೋದ್ರು. ಅದರ ಹೆಸರು ಬೇಡ. ಬಸ್ಸಿಗೆ ನಾಲ್ಕು ಮೆಟ್ಟಿಲು. ನಾಲ್ಕು ಹುಡುಗರು ಬಂದು, ಅಮ್ಮಾ ಚಿಂತೆ ಮಾಡ್ಬೇಡಿ ನಾವಿದ್ದೀವಿ ಅಂತ ಕುರ್ಚಿ ಸಮೇತ ಎತ್ತಿದ್ರು. ಒಬ್ಬ ಕುರ್ಚಿಯ ತೋಳು ಹಿಡ್ಕೊಂಡಿದ್ದ. ಆ ತೋಳು ಕಳಚೋಕೆ ಬರುತ್ತೆ. ಕುರ್ಚಿಯಿಂದ ಮಂಚಕ್ಕೆ ಜರುಗಬೇಕಲ್ಲ, ಅದಕ್ಕೆ ಹಾಗೆ ಮಾಡಿರ್ತಾರೆ. ಅವನಿಗೆ ಹೇಗೆ ಗೊತ್ತಿರುತ್ತೆ ಪಾಪ! ಮೂರನೇ ಮೆಟ್ಟಿಲಲ್ಲಿ ಅದು ಕಿತ್ಕೊಂಡು ಅವನ ಕೈಗೆ ಬಂತು. ಕುರ್ಚಿ ಬಲಕ್ಕೆ ವಾಲ್ತು. ನನಗೆ ಎದೆಯಿಂದ ಕೆಳಗೆ ಹಿಡಿತ ಇಲ್ಲ, ಹಾಗೇ ಜಾರಿದೆ. ಬಾಗಿಲ ಕಂಬಿಗೆ ತೋಳು ಸಿಕ್ಕಿಹಾಕ್ಕೊಂಡು ಉಳ್ಕೊಂಡೆ. ಪೆಟ್ಟಾಗಲಿಲ್ಲ. ಆ ಹುಡುಗ ಅತ್ತುಬಿಟ್ಟ. ಅವನನ್ನ ಸಮಾಧಾನ ಮಾಡಿದ್ದು ನಾನು.

ಅಳಿಯ: ಆಮೇಲೆ?

ಅತ್ತೆ: ಆಮೇಲೆ ಎರಡು ಗಂಟೆ ಕಾಡಲ್ಲಿ ಸುತ್ತಿದ್ವಿ. ಹುಲಿ ಕಾಣಿಸ್ತು. ದಾರಿ ಪಕ್ಕದ ಕೆರೆಯಲ್ಲಿ ಹಿಂಗಾಲು ನೀರಿಗಿಟ್ಟು ಕೂತಿತ್ತಂತೆ. ಅಂತೆ ಅಂತಿದ್ದೀನಿ ನೋಡು. ಕಣ್ಣೆದುರೇ ಇತ್ತು, ಎಲ್ಲರೂ ಉಸಿರು ಬಿಗಿಹಿಡಿದು ನೋಡ್ತಿದ್ರು, ನನಗೆ ಮಾತ್ರ ನೆನಪಿಲ್ಲ. 22 ವರ್ಷ ಮಕ್ಕಳಿಗೆ ಹುಲಿಯ ಪಾಠ ಮಾಡಿದವಳು ನಾನು. ಆ ಎರಡು ಗಂಟೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಇಳಿಯೋದು ಹೇಗೆ? ಮತ್ತೆ ಅದೇ ನಾಲ್ಕು ಮೆಟ್ಟಿಲು, ಅದೇ ಹುಡುಗರು. ಅದಕ್ಕೇ ಹೇಳೋದು, ಎತ್ತಿ ಕೂರಿಸಿದ್ರೆ ನನ್ನ ಮೈ ಕಾಡಿಗೆ ಹೋಗುತ್ತೆ, ನಾನು ಮೆಟ್ಟಿಲ ಹತ್ರವೇ ಉಳ್ಕೊಂಡಿರ್ತೀನಿ.

ಅಳಿಯ: ನನಗೆ ಇದು ಹೊಳೆದೇ ಇರಲಿಲ್ಲ.

ಅತ್ತೆ: ಎತ್ತಿಸ್ಕೊಂಡವರು ಸಾಮಾನ್ಯವಾಗಿ ಹೇಳಲ್ಲ, ಎತ್ತಿದವರಿಗೆ ನೋವಾಗುತ್ತಲ್ಲ. ಈಗ ನನ್ನದೊಂದು ಪ್ರಶ್ನೆ. ಬಂಡೀಪುರ ಆಗ್ಲಿ ನಾಗರಹೊಳೆ ಆಗ್ಲಿ, ಸಫಾರಿಯ ಮೊದಲನೇ ನಿಯಮ ಏನು?

ಅಳಿಯ: ಗಾಡಿಯಿಂದ ಕೆಳಗೆ ಇಳಿಯಬಾರದು.

ಅತ್ತೆ: ಯಾರು ಇಳಿಯಬಾರದು?

ಅಳಿಯ: ಯಾರೂ.

ಅತ್ತೆ: ನೋಡು. ಓಟದಲ್ಲಿ ಪದಕ ಗೆದ್ದವನೇ ಬರಲಿ, ಹಿಮಾಲಯ ಹತ್ತಿದವನೇ ಬರಲಿ, ಅಲ್ಲಿ ಬೆಲ್ಟು ಕಟ್ಕೊಂಡು ಕೂರ್ಬೇಕು. ಅದಕ್ಕೆ ಕಾರಣವೂ ಇದೆ. ಗಾಡಿಯ ಆಕಾರಕ್ಕೆ, ಸದ್ದಿಗೆ ಆ ಪ್ರಾಣಿಗಳು ಒಗ್ಗಿಹೋಗಿವೆ. ಎರಡು ಕಾಲ ಮೇಲೆ ನಿಂತ ಮನುಷ್ಯನನ್ನ ಕಂಡ್ರೆ ಮಾತ್ರ ಬೆದರ್ತವೆ, ಇಲ್ಲ ಮೇಲೆ ಬೀಳ್ತವೆ. ದೇವಸ್ಥಾನಕ್ಕೆ ಮೆಟ್ಟಿಲು, ಛತ್ರಕ್ಕೆ ಮೆಟ್ಟಿಲು, ಮದುವೆ ವೇದಿಕೆಗೆ ಮೆಟ್ಟಿಲು. ನಿನ್ನ ಮದುವೇಲಿ ನಾನು ಕೆಳಗಿನಿಂದಲೇ ಅಕ್ಷತೆ ಹಾಕಿದೆ, ನೆನಪಿದೆಯಾ? ಕಾಡು ಒಂದೇ ಎಲ್ಲರನ್ನೂ ಚಕ್ರದ ಮೇಲೆ ಕೂತು ಬನ್ನಿ ಅನ್ನೋದು. ಅಲ್ಲಿ ಕಾಲಿಗೆ ಕೆಲಸವೇ ಇಲ್ಲ; ಕಣ್ಣಿಗೆ, ಕಿವಿಗೆ, ತಾಳ್ಮೆಗೆ ಮಾತ್ರ ಕೆಲಸ. ಚುಕ್ಕಿ ಜಿಂಕೆ ಮುಂಗಾಲು ನೆಲಕ್ಕೆ ಬಡಿದು ಕೂಗಿದ್ರೆ, ಮರದ ಮೇಲಿನ ಮುಸುವ ಅದಕ್ಕೆ ದನಿಗೂಡಿಸಿದ್ರೆ, ಹುಲಿಯೋ ಚಿರತೆಯೋ ಹತ್ತಿರದಲ್ಲಿದೆ ಅಂತ ನಿನಗಿಂತ ಮೊದಲು ನಾನು ಹೇಳಬಲ್ಲೆ. ಒಳಗೆ ನನಗೂ ಮಿಕ್ಕವರಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಇರೋ ವ್ಯತ್ಯಾಸ ಎಲ್ಲ ನೆಲದಿಂದ ಸೀಟಿನವರೆಗಿನ ಆ 3 ಅಡಿಯಲ್ಲಿದೆ. ನಿನ್ನ ಡ್ರಾಯಿಂಗಿನಲ್ಲಿ ಆ 3 ಅಡಿಯನ್ನೇ ಬಿಟ್ಟಿದ್ದೀಯ.

ಅಳಿಯ: ಬಸ್ಸಿಗೇ ಲಿಫ್ಟ್ ಹಾಕಿಸಬಹುದು. ಈಗ ಸಿಗುತ್ತೆ.

ಅತ್ತೆ: ಸಿಗುತ್ತೆ. ಹೈಡ್ರಾಲಿಕ್ ಲಿಫ್ಟು, ಮಣ್ಣಿನ ದಾರಿ, ಮುಂಗಾರಿನ ಕೆಸರು, ಬೇಸಿಗೆಯ ಧೂಳು. ಒಂದು ದಿನ ಕೆಟ್ಟು ನಿಂತ್ರೆ ರಿಪೇರಿಗೆ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಜನ ಬರಬೇಕು. ಅಲ್ಲಿವರೆಗೆ ಮತ್ತೆ ನಾಲ್ಕು ಹುಡುಗರೇ ಗತಿ. ಕೆಡದೇ ಇರೋದು ಏನು ಹೇಳು? ಕಲ್ಲು, ಮಣ್ಣು. ದಸರಾ ಆನೆಗಳನ್ನ ಲಾರಿಗೆ ಹತ್ತಿಸೋದನ್ನ ನೋಡಿದ್ದೀಯಲ್ಲ?

ಅಳಿಯ: ನೋಡಿದ್ದೀನಿ. ದಿಬ್ಬಕ್ಕೆ ಲಾರಿಯ ಹಿಂಭಾಗ ಆನಿಸಿ ನಿಲ್ಲಿಸ್ತಾರೆ. ಆನೆ ದಿಬ್ಬ ಏರಿ ನೇರ ಒಳಗೆ ನಡೆಯುತ್ತೆ.

ಅತ್ತೆ: ನಾಲ್ಕೈದು ಟನ್ ತೂಗೋ ಆನೆಯನ್ನ ಯಾರೂ ಎತ್ತಲ್ಲ. ಅದಕ್ಕೆ ನೆಲವನ್ನೇ ಎತ್ತರ ಮಾಡಿ ಕೊಡ್ತಾರೆ, ಅದು ತನ್ನ ಪಾಡಿಗೆ ತಾನು ನಡೆದು ಹೋಗುತ್ತೆ. ಆ ಬುದ್ಧಿ ನಮ್ಮ ಮಾವುತರಿಗೆ, ಕಾವಾಡಿಗಳಿಗೆ ಎಷ್ಟೋ ಕಾಲದಿಂದ ಇದೆ. ಇನ್ನೊಂದು ಹೇಳ್ತೀನಿ. ನಮ್ಮ ಅಜ್ಜಿ ಊರಿನ ದಾರಿಯಲ್ಲಿ ಹೊರೆ ಇಳಿಸೋ ಕಲ್ಲು ಇತ್ತು. ನಿನಗೆ ನೆನಪಿರಲ್ಲ, ರಸ್ತೆ ಅಗಲ ಮಾಡೋವಾಗ ಕಿತ್ತುಹಾಕಿದ್ರು. ಎರಡು ಕಂಬ ನಿಲ್ಲಿಸಿ ಮೇಲೆ ಅಡ್ಡ ಒಂದು ಚಪ್ಪಡಿ, ಹೆಚ್ಚುಕಡಿಮೆ ತಲೆಯ ಎತ್ತರಕ್ಕೆ. ಸೌದೆ ಹೊತ್ಕೊಂಡು ಸಂತೆಗೆ ಹೋಗೋ ಹೆಂಗಸು ಅಲ್ಲಿ ನಿಂತು ಹೊರೆಯನ್ನ ಕಲ್ಲಿಗೆ ಜರುಗಿಸಿ, ನೀರು ಕುಡಿದು, ಸುಧಾರಿಸ್ಕೊಂಡು, ಮತ್ತೆ ತಲೆಯನ್ನ ಹೊರೆ ಕೆಳಗೆ ಕೊಟ್ಟು ಹೊರಟುಬಿಡೋಳು. ನೆಲದ ಮೇಲೆ ಇಳಿಸಿದ್ರೆ ಮತ್ತೆ ಹೊರಿಸೋಕೆ ಯಾರಾದ್ರೂ ಬರೋವರೆಗೆ ಕಾಯ್ಬೇಕಲ್ಲ. ಆ ಕಲ್ಲು ನೆಟ್ಟವರು ಯಾರೋ, ಯಾರೂ ಇಲ್ಲದ ದಾರಿಯಲ್ಲಿ ಒಬ್ಬಳೇ ಬರೋಳನ್ನ ನೆನೆಸ್ಕೊಂಡು ನೆಟ್ರು. ಅವಳು ಯಾರನ್ನೂ ಕೂಗೋ ಹಾಗಾಗಬಾರದು, ಅಷ್ಟೆ. ನಾನು ಕೇಳ್ತಿರೋದೂ ಅದೇ ಕಲ್ಲು.

ಅಳಿಯ: ಅಂದ್ರೆ ಬಸ್ಸಿನ ನೆಲಕ್ಕೆ ಸಮ ಒಂದು ಕಟ್ಟೆ.

ಅತ್ತೆ: ಹೂಂ. ಹತ್ತೋ ಕಟ್ಟೆ. ಬರ್ಕೋ.

ಅಳಿಯ: ಬಸ್ಸಿನ ನೆಲ 36 ಇಂಚು. ಒಂದಕ್ಕೆ ಹನ್ನೆರಡು ಅಂದ್ರೆ 36 ಅಡಿ. ಒಂದೇ ಓಟಕ್ಕೆ ಅಷ್ಟು ಉದ್ದ ಕೊಡೋ ಹಾಗಿಲ್ಲ, ಮಧ್ಯೆ ಮಟ್ಟದ ಜಾಗ ಬೇಕು. 18 ಅಡಿ ಏರು, 5 ಅಡಿ ಸಮತಟ್ಟು, ಮತ್ತೆ 18 ಅಡಿ. ಒಟ್ಟು 41. ಅಂಗಳದ ಪೂರ್ವದ ಅಂಚಿನಲ್ಲಿ ಸರಿಯಾಗಿ ಕೂರುತ್ತೆ. ಅತ್ತೆ, ಇದು ಮುಂದುಗಡೆಯೇ ಬರುತ್ತೆ!

ಅತ್ತೆ: ಬರಲಿ. ಎಲ್ಲರೂ ಅದರಲ್ಲೇ ಹತ್ತಲಿ. ಎರಡೂ ಕಡೆ ಹಿಡಿಯೋ ಕಂಬಿ ಹಾಕು. ಅಂಚಿಗೆ ಎರಡು ಮೂರು ಇಂಚಿನ ಬದು ಎಬ್ಬಿಸು, ಮುಂದಿನ ಚಕ್ರ ಜಾರಿ ಹೊರಗೆ ಹೋಗಬಾರದು. ಮೇಲೆ ಪಾಲಿಶ್ ಗ್ರಾನೈಟ್ ಹಾಕ್ಬೇಡ, ಮಳೆ ಬಿದ್ರೆ ಗಾಜು. ಆಳ ಗೆರೆ ಇರೋ ಟೈಲ್ಸೂ ಬೇಡ, ಆ ಕುಲುಕಾಟಕ್ಕೆ ಕಾಲು ಸೆಟೆದುಕೊಂಡು ನಡುಗೋಕೆ ಶುರುವಾಗುತ್ತೆ. ಒರಟು ಕಲ್ಲು ಸಾಕು. ಬಸ್ಸಿಗೂ ಕಟ್ಟೆಗೂ ನಡುವೆ ಸಂದು ಉಳಿಯುತ್ತಲ್ಲ, ಅದಕ್ಕೆ ಮಡಿಸಿ ಹಾಕೋ ಒಂದು ತಗಡಿನ ಹಲಗೆ. ಬಸ್ಸೊಳಗೆ ಮುಂದಿನ ಎರಡು ಸೀಟು ತೆಗೆಸಿ, ಕುರ್ಚಿಯನ್ನ ನೆಲಕ್ಕೆ ನಾಲ್ಕು ಕಡೆ ಬಿಗಿಯೋ ಬೆಲ್ಟು. ನನಗೆ ಎದೆಗೂ ಒಂದು ಬೆಲ್ಟು. ಗುಂಡಿಯಲ್ಲಿ ಬಸ್ಸು ಇಳಿದ್ರೆ ನೀನು ಹೊಟ್ಟೆ ಬಿಗಿ ಹಿಡಿದು ಸಾವರಿಸ್ಕೋತೀಯ, ನನಗೆ ಆ ಸ್ನಾಯು ಮಾತು ಕೇಳಲ್ಲ. ಜೊತೆಗೆ ಬಂದವರ ಸೀಟು ಪಕ್ಕದಲ್ಲೇ ಇರಲಿ. ನಾನು ಮುಂದೆ, ಅವರು ಕಡೇ ಸಾಲಲ್ಲಿ ಅಂತಾದ್ರೆ ಅಗೋ ನೋಡು ಅಂತ ಯಾರಿಗೆ ಹೇಳಲಿ?

ಅಳಿಯ: ಜೀಪಿಗೆ?

ಅತ್ತೆ: ಅದೇ ಕಟ್ಟೆಯ ಒಂದು ಪಕ್ಕವನ್ನ ಜೀಪಿನ ಸೀಟಿನ ಎತ್ತರಕ್ಕೆ ಇಳಿಸು. ಜರುಗೋ ಹಲಗೆ ನನ್ನ ಹತ್ತಿರವೇ ಇದೆ. ತೋಳಲ್ಲಿ ಶಕ್ತಿ ಇರೋವರೆಗೆ ನಾನೇ ಜರುಗ್ತೀನಿ.

ಅಳಿಯ: ಮೀಟಿಂಗಿನಲ್ಲಿ ಮೊದಲು ಕೇಳೋ ಪ್ರಶ್ನೆ ನನಗೆ ಗೊತ್ತು. ವೀಲ್‌ಚೇರಿನಲ್ಲಿ ವರ್ಷಕ್ಕೆ ಎಷ್ಟು ಜನ ಬರ್ತಾರೆ ಅಂತಾರೆ. ಬರೋರೇ ಇಲ್ಲದಿದ್ರೆ ಇಷ್ಟು ಖರ್ಚು ಯಾಕೆ ಅಂತಾರೆ.

ಅತ್ತೆ: ಸೇತುವೆ ಇಲ್ಲದ ಹೊಳೆ ಮುಂದೆ ನಿಂತು, ದಾಟೋರು ಯಾರೂ ಇಲ್ಲ ಅಂದ ಹಾಗಾಯ್ತು. ಲೆಕ್ಕ ಬೇಕಾದ್ರೆ ಕೊಡು. 2011ರ ಜನಗಣತಿಯಲ್ಲಿ ದೇಶದಲ್ಲಿ 2.68 ಕೋಟಿ ಅಂಗವಿಕಲರು, ಅದರಲ್ಲಿ ಓಡಾಟದ ತೊಂದರೆ ಇರೋರು 54 ಲಕ್ಷ. ನಮ್ಮ ರಾಜ್ಯದಲ್ಲಿ ಎಲ್ಲ ಬಗೆಯವರೂ ಸೇರಿ 13 ಲಕ್ಷದ ಮೇಲೆ. ಮಂಡಿನೋವಿನ ಅಜ್ಜ ಅಜ್ಜಿಯರಿಗೂ, ಬಸುರಿಯರಿಗೂ, ಮಗು ಎತ್ಕೊಂಡವರಿಗೂ ಅನುಕೂಲ ಅಂತ ಸೇರಿಸ್ಬಹುದು, ಸುಳ್ಳಲ್ಲ. ಆದ್ರೆ ಆ ಮಾತನ್ನ ಮುಂದೆ ಮಾಡ್ಬೇಡ. ಬೇರೆಯವರಿಗೂ ಉಪಯೋಗ ಅನ್ನೋ ಕಾರಣಕ್ಕೆ ನನಗೆ ದಾರಿ ಸಿಗೋದು ನನಗೆ ಹಿಡಿಸಲ್ಲ. ವರ್ಷಕ್ಕೆ ಒಬ್ಬರೇ ಬರಲಿ. ಕಾಡು ಅವರದ್ದೂ.

ಅಳಿಯ: ಕಾನೂನಿನ ಮಾತು ಎತ್ತಬಹುದಲ್ಲ?

ಅತ್ತೆ: ಎತ್ತಲೇಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮನರಂಜನೆ, ಕ್ರೀಡೆ, ಸಾಂಸ್ಕೃತಿಕ ಬದುಕು ಎಲ್ಲದರಲ್ಲೂ ನಮಗೆ ಸಮಪಾಲು ಅಂತ ಬರೆದಿದೆ. ಇರೋ ಸಾರ್ವಜನಿಕ ಕಟ್ಟಡಗಳನ್ನ ಸರಿಮಾಡೋಕೆ ಐದು ವರ್ಷದ ಗಡುವು ಕೊಟ್ಟಿತ್ತು. 2017ರಲ್ಲಿ ನಿಯಮ ಬಂತು, 2022ಕ್ಕೆ ಗಡುವು ಮುಗೀತು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ರಾಜೀವ್ ರತೂರಿ ಅವರ ಪ್ರಕರಣದಲ್ಲಿ, ಈ ಅಳತೆಗಳನ್ನ ಬರೀ ಸಲಹೆ ಅಂತ ಇಟ್ರೆ ಆಗಲ್ಲ, ಕಡ್ಡಾಯದ ನಿಯಮ ಮಾಡಿ ಅಂತ ಹೇಳ್ತು. ರತೂರಿ ಅವರಿಗೆ ಕಣ್ಣು ಕಾಣಲ್ಲ. 2005ರಿಂದ ನಡೆಸ್ಕೊಂಡು ಬಂದ ಮೊಕದ್ದಮೆ ಅದು.

ಅಳಿಯ: 2005ರಿಂದಾ!

ಅತ್ತೆ: ಅದಕ್ಕೂ ಮೊದಲು, 2001ರ ಜನವರಿಯಲ್ಲಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಿದ್ರು. ಕುತುಬ್ ಮಿನಾರ್, ಜಂತರ್ ಮಂತರ್ ನೋಡಬೇಕಿತ್ತು. ವಿಶ್ವ ಹೇಗೆ ಹುಟ್ತು ಅಂತ ಲೆಕ್ಕ ಹಾಕಿದ ಮನುಷ್ಯನಿಗೆ ಅಲ್ಲಿ ಒಳಗೆ ಹೋಗೋಕೆ ದಾರಿ ಇರಲಿಲ್ಲ. ಜಾವೇದ್ ಅಬಿದಿ ಅಂತ, ಅವರೂ ವೀಲ್‌ಚೇರಿನವರೇ, 2018ರಲ್ಲಿ ತೀರಿಕೊಂಡ್ರು. ಅವರು ಪಟ್ಟು ಹಿಡಿದು ರ‍್ಯಾಂಪ್ ಹಾಕಿಸಿದ್ರು. ಮರದ್ದು, ತಾತ್ಕಾಲಿಕದ್ದು. ಆ ಸುದ್ದಿ ಬಂದಾಗ ನಾನು ನಡೀತಿದ್ದೆ. ಪೇಪರ್ ಓದಿ ಮಡಿಸಿಟ್ಟೆ, ಅಷ್ಟೆ. ಈಗ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ.

ಅಳಿಯ: ಇನ್ನೊಂದು ಆಕ್ಷೇಪಣೆ ಬರುತ್ತೆ, ಅದು ನನ್ನದೂ ಹೌದು. ಕಾಡನ್ನ ಕಾಡಾಗಿ ಬಿಡಬೇಕಲ್ವಾ? ಇವತ್ತು ಕಟ್ಟೆ, ನಾಳೆ ಕಾಂಕ್ರೀಟ್ ದಾರಿ, ನಾಡಿದ್ದು ಇನ್ನೇನೋ.

ಅತ್ತೆ: ಒಳಗೆ ಒಂದು ಇಟ್ಟಿಗೆ ಇಟ್ರೂ ನಾನೇ ತಡೀತೀನಿ. ಬಂಡೀಪುರ 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾಯ್ತು. ಅಲ್ಲಿನ ರಸ್ತೆಯಲ್ಲಿ ರಾತ್ರಿ ಹೊತ್ತು ವಾಹನ ಓಡಾಟ ನಿಲ್ಲಿಸೋಕೆ 2009ರಲ್ಲಿ ಎಷ್ಟು ಗದ್ದಲ ಆಯ್ತು ಅಂತ ನಿನಗೆ ಗೊತ್ತು. ಅಷ್ಟು ಕಷ್ಟಪಟ್ಟು ಉಳಿಸಿದ ಕಾಡು. ನಾನು ಕೇಳ್ತಿರೋದು ಮನುಷ್ಯರು ಆಗಲೇ ಕಟ್ಕೊಂಡಿರೋ ಅಂಗಳದಲ್ಲಿ. ಕೌಂಟರ್ ಇದೆ, ಕ್ಯಾಂಟೀನ್ ಇದೆ, ಪಾರ್ಕಿಂಗ್ ಇದೆ. ನಡೆಯೋರಿಗೆ ಅಂತ ಅಷ್ಟೆಲ್ಲ ಸಿಮೆಂಟ್ ಹಾಕಿ, ನನ್ನ ಪಾಲಿನ 41 ಅಡಿ ಬಂದಾಗ ಪರಿಸರ ನೆನಪಾಗಬಾರದು.

ಅಳಿಯ: ಸರಿ ಅತ್ತೆ, ಆ ಮಾತು ವಾಪಸ್ ತಗೋತೀನಿ.

ಅತ್ತೆ: ವಾಪಸ್ ಬೇಡ. ಕಾಡಿನ ಪರ ಯಾರಾದ್ರೂ ಆ ಪ್ರಶ್ನೆ ಕೇಳ್ತಾನೇ ಇರಬೇಕು. ಅಮೆರಿಕಕ್ಕೆ ಮಗಳ ಮನೆಗೆ ಹೋದಾಗ ಗ್ರ್ಯಾಂಡ್ ಕ್ಯಾನ್ಯನ್ ನೋಡಿದ್ದು ಹೇಳಿದ್ದೆನಲ್ಲ. ಅವಳಿರೋದು ಫೀನಿಕ್ಸಿನಲ್ಲಿ, ಕಾರಿನಲ್ಲಿ ಕರ್ಕೊಂಡು ಹೋದ್ಳು. ಅಲ್ಲಿ ಕಣಿವೆಯ ಆಳ ಒಂದೂವರೆ ಕಿಲೋಮೀಟರಿಗೂ ಹೆಚ್ಚು. ಕೆಳಗಿಳಿಯೋ ದಾರಿಗೆ ಯಾರೂ ಕಾಂಕ್ರೀಟ್ ಸುರಿದಿಲ್ಲ. ಮಣ್ಣು, ಕಲ್ಲು, ಕಡಿದಾದ ತಿರುವು, ಹೇಸರಗತ್ತೆಗಳ ಲದ್ದಿ. ಅದು ನನ್ನ ದಾರಿ ಅಲ್ಲ, ಆಗಬೇಕು ಅಂತ ನಾನು ಕೇಳೋದೂ ಇಲ್ಲ. ಆದ್ರೆ ಮೇಲೆ, ಕಣಿವೆಯ ಅಂಚಿನಲ್ಲಿ, ಒಂದು ದಾರಿ ಇದೆ. ಕಾಲದ ದಾರಿ ಅಂತ ಹೆಸರು. ಒಂದು ಮೀಟರ್ ದಾಟಿದ್ರೆ 10 ಲಕ್ಷ ವರ್ಷ. ಮೀಟರಿಗೊಂದು ಕಂಚಿನ ಗುರುತು ನೆಲದಲ್ಲಿ ಕೂರಿಸಿದ್ದಾರೆ. ಕಣಿವೆಯ ಒಂದೊಂದು ಪದರದ ಬಂಡೆಯನ್ನೂ ತಂದು, ಅದು ಹುಟ್ಟಿದ ಕಾಲ ಎಲ್ಲಿ ಬರುತ್ತೋ ಅಲ್ಲಿ ಇಟ್ಟಿದ್ದಾರೆ. ಮುಟ್ಟಿ ನೋಡಬಹುದು. ತೀರಾ ಹಳೇದು 184 ಕೋಟಿ ವರ್ಷದ್ದು.

ಅಳಿಯ: ಅಲ್ಲಿ ನೀವು ಒಬ್ಬರೇ ಹೋದ್ರಾ?

ಅತ್ತೆ: ಅದನ್ನೇ ಹೇಳೋಕೆ ಹೊರಟೆ. ನೆಲ ನುಣುಪಾಗಿತ್ತು. ಮಗಳಿಗೆ, ನೀನು ಕಾಫಿ ಕುಡೀತಿರು ಅಂದೆ. ನನ್ನ ಹಿಂದಿನ ಚಕ್ರ 24 ಇಂಚು. ಒಂದು ಸುತ್ತಿಗೆ ಹತ್ತಿರ ಹತ್ತಿರ 1.9 ಮೀಟರ್. ಒಂದು ಸಲ ಚಕ್ರ ತಿರುಗಿದ್ರೆ 19 ಲಕ್ಷ ವರ್ಷ ಹಿಂದೆ! ಎರಡನೇ ಸುತ್ತು ಮುಗಿಯೋ ಮೊದಲೇ ಮನುಷ್ಯ ಕುಲ ಹಿಂದೆ ಉಳೀತು, ನಮ್ಮ ಹೋಮೋ ಸೇಪಿಯನ್ಸ್ ಎಲ್ಲ ಚಕ್ರ ಕಾಲು ಸುತ್ತು ತಿರುಗೋದರೊಳಗೆ ಮುಗಿದುಹೋಗುತ್ತೆ. ಡೈನೊಸಾರ್‌ಗಳು ಕಣ್ಮರೆಯಾದದ್ದು 35ನೇ ಸುತ್ತಿಗೆ. ಆಮೇಲೆ ತೋಳು ಸೋಲೋವರೆಗೂ ತಳ್ಳಿದ್ರೂ ಪೃಥ್ವಿ ಹಾಗೇ ಇದೆ, ಮುಗಿಯಲ್ಲ. ಪಕ್ಕದಲ್ಲಿ ಕಣಿವೆ. ನಾನು ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ, ಯಾರೂ ನನ್ನ ಕಡೆ ಓಡಿ ಬರಲಿಲ್ಲ. ಅಷ್ಟು ವರ್ಷದಲ್ಲಿ ಮೊದಲನೇ ಸಲ ಬಯಲಲ್ಲಿ ಒಬ್ಬಳೇ ಇದ್ದೆ ಕಣೋ. ಒಂದು ಬಂಡೆ ಮೇಲೆ ಕೈ ಇಟ್ಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಮಗಳು ಗಾಬರಿಯಾಗಿ ಹುಡುಕ್ಕೊಂಡು ಬಂದ್ಳು.

ಅಳಿಯ: ಅಮೆರಿಕದಲ್ಲಿ ದುಡ್ಡಿದೆ, ಮಾಡ್ತಾರೆ.

ಅತ್ತೆ: ದುಡ್ಡಿದ್ದೂ ಮಾಡಿರಲಿಲ್ಲ. 1973ರಲ್ಲಿ ಅಂಗವಿಕಲರಿಗಾಗಿ ಕಾನೂನು ಮಾಡಿ, ಅದನ್ನ ಜಾರಿಗೆ ತರೋ ನಿಯಮಕ್ಕೆ ಸಹಿ ಹಾಕದೆ ನಾಲ್ಕು ವರ್ಷ ತಳ್ಳಿದ್ರು. 1977ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದೊಳಗೆ ನೂರಕ್ಕೂ ಹೆಚ್ಚು ಜನ ಅಂಗವಿಕಲರು ಹೋಗಿ ಕೂತುಬಿಟ್ರು. ಮೂರು ವಾರಕ್ಕೂ ಹೆಚ್ಚು. ಮಗ್ಗುಲು ಬದಲಿಸೋಕೂ ಇನ್ನೊಬ್ಬರು ಬೇಕಾದವರು ಅವರಲ್ಲಿದ್ರು, ನೆಲದ ಮೇಲೆ ಮಲಗಿದ್ರು. ಜೂಡಿ ಹ್ಯೂಮನ್ ಅಂತ, ಎಳವೆಯಲ್ಲೇ ಪೋಲಿಯೋ ಆಗಿದ್ದ ಹೆಣ್ಣುಮಗಳು, ಮುಂದಾಳು. ಸಹಿ ಬಿತ್ತು. ನಾನು ಆರಾಮವಾಗಿ ತಳ್ಕೊಂಡು ಹೋದ ಆ ದಾರಿಯ ಕೆಳಗೆ ಅವರ ಆ ರಾತ್ರಿಗಳಿವೆ.

ಅಳಿಯ: ಸರಿ, ಮತ್ತೆ ಡ್ರಾಯಿಂಗಿಗೆ ಬರೋಣ. ಶೌಚಾಲಯ ನೋಡಿ ಅತ್ತೆ. ಇದು ಸರಿ ಇದೆ ಅನ್ಕೊಂಡಿದ್ದೀನಿ.

ಅತ್ತೆ: ಬಾಗಿಲು ಎಷ್ಟು?

ಅಳಿಯ: 30 ಇಂಚು.

ಅತ್ತೆ: ಚೌಕಟ್ಟು ಕಳೆದ್ರೆ 27 ಉಳಿಯುತ್ತೆ. ಒಳಕ್ಕೆ ತೆರೆಯುತ್ತೆ ಬೇರೆ. ನಾನು ಒಳಗೆ ಹೋದ ಮೇಲೆ ಬಾಗಿಲು ಹಾಕೋದು ಹೇಗೆ? 36 ಇಂಚು ಮಾಡು, ಹೊರಕ್ಕೆ ತೆರೆಯಲಿ. ಒಳಗೆ ಕುರ್ಚಿ ಒಂದು ಸುತ್ತು ತಿರುಗೋಕೆ 5 ಅಡಿ. ಕಮೋಡಿನ ಪಕ್ಕ ಹಿಡಿಕೆ ಗೋಡೆಗೆ ಭದ್ರವಾಗಿರಲಿ, ಟವೆಲ್ ಹಾಕೋ ಸರಳು ತಂದು ಹಾಕ್ಬೇಡ. ನನ್ನ ಮೈಭಾರ ಪೂರ್ತಿ ಅದರ ಮೇಲೆ ಬೀಳುತ್ತೆ. ಎಲ್ಲಕ್ಕಿಂತ ಮುಖ್ಯ, ಅದಕ್ಕೆ ಬೀಗ ಹಾಕಿ ಪೊರಕೆ ಬಕೆಟ್ ತುಂಬೋ ಕೋಣೆ ಮಾಡಬಾರದು. ನಾನು ಎಷ್ಟೋ ಕಡೆ ಬಾಗಿಲ ಮೇಲೆ ವೀಲ್‌ಚೇರಿನ ಚಿತ್ರ, ಒಳಗೆ ಫಿನಾಯಿಲ್ ಕ್ಯಾನು ನೋಡಿದ್ದೀನಿ.

ಅಳಿಯ: ಹೋಗೋ ಹಾಗಿರೋ ಶೌಚಾಲಯ ಇಲ್ಲದಿದ್ರೆ ಏನ್ಮಾಡ್ತೀರಿ?

ಅತ್ತೆ: ಹಿಂದಿನ ರಾತ್ರಿಯಿಂದ ನೀರು ಕುಡಿಯಲ್ಲ. ಬೆಳಗ್ಗೆ ಕಾಫಿ ಇಲ್ಲ. ನಾವೆಲ್ಲ ಮಾಡೋದು ಹಾಗೇ, ಮಾಡಬಾರದು ಅಂತ ಗೊತ್ತಿದ್ದೂ. ಬೆನ್ನುಹುರಿಗೆ ಪೆಟ್ಟಾದವರಿಗೆ ಮೂತ್ರದ ಸೋಂಕು ಬಂದ್ರೆ ಕಿಡ್ನಿವರೆಗೂ ಹೋಗುತ್ತೆ, ಜೀವಕ್ಕೇ ಬರುತ್ತೆ. ಪೆಟ್ಟು ಮೇಲಕ್ಕೆ ಆಗಿದ್ರೆ ಮೈ ಬೆವರೋದೂ ಇಲ್ಲ. ಬಿಸಿಲು ಏರಿದ ಹಾಗೆ ಒಳಗೇ ಕುದಿಯುತ್ತೆ, ಅದಕ್ಕೆ ನನಗೆ ಬೆಳಗಿನ ಸಫಾರಿಯೇ ಆಗಬೇಕು, ಚಳಿಗಾಲವೇ ಆಗಬೇಕು. ಒಂದೇ ಕಡೆ ಕೂತ್ರೆ ಕೂತ ಜಾಗ ಹುಣ್ಣಾಗುತ್ತೆ, ಅರಿವಿಗೆ ಬರಲ್ಲ. ಅರ್ಧ ಗಂಟೆಗೊಮ್ಮೆ ಕೈಯೂರಿ ಮೈ ಎತ್ತಬೇಕು. ಇವೆಲ್ಲ ನನ್ನ ಪಾಡು, ನಾನು ನೋಡ್ಕೋತೀನಿ. ಬಾಗಿಲಿನ ಅಗಲ ಮಾತ್ರ ನಿನ್ನ ಕೈಯಲ್ಲಿದೆ.

ಅಳಿಯ: ಕಬಿನಿ ಹಿನ್ನೀರಿನ ದೋಣಿ ಸಫಾರಿಗೆ ಹೋಗೋಣ ಅಂತಿದ್ರಲ್ಲ, ಅಂಥ ಕಡೆ ಹೇಗೆ? ದೋಣಿಗೆ ಕಟ್ಟೆ ಕಟ್ಟೋಕೆ ಆಗಲ್ಲ. ನೀರಿನ ಮಟ್ಟ ನಿಲ್ಲಲ್ಲ.

ಅತ್ತೆ: ಜಲಾಶಯ ತುಂಬಿದ್ರೆ ಸಮುದ್ರಮಟ್ಟದಿಂದ 2284 ಅಡಿ. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿದು ಬಯಲು ಬಿಡುತ್ತೆ, ಹುಲ್ಲು ಚಿಗುರುತ್ತೆ, ಆನೆ ಹಿಂಡು ಇಳಿಯೋದೇ ಆಗ. ಅಂದ್ರೆ ನೋಡೋಕೆ ಅತಿ ಚೆನ್ನಾಗಿರೋ ತಿಂಗಳಲ್ಲೇ ದೋಣಿಗೆ ಇಳಿಯೋ ದಾರಿ ಅತಿ ಕಡಿದು. ತೇಲೋ ಅಟ್ಟಣೆ ಹಾಕಿ ಅದಕ್ಕೆ ಹಲಗೆ ಸೇತುವೆ ಕೊಟ್ರೂ ಇಳಿಜಾರು ದಿನಕ್ಕೊಂದು. ಅಲ್ಲಿ ನನಗೆ ಬೇಕಾದ್ದು ನಿಜ. ಇವತ್ತು ಇಷ್ಟು ಕಡಿದಾಗಿದೆ ಅಂತ ಫೋನಿನಲ್ಲಿ ಹೇಳಲಿ. ಹೋಗೋದೋ ಬಿಡೋದೋ ನಾನು ತೀರ್ಮಾನ ಮಾಡ್ತೀನಿ.

ಅಳಿಯ: ಫೋನ್ ಮಾಡಿದ್ರೆ ವೀಲ್‌ಚೇರಿಗೆ ಎಲ್ಲ ಅನುಕೂಲ ಇದೆ, ಬನ್ನಿ ಅಂತಾರೆ.

ಅತ್ತೆ: ಆ ಮಾತು ನಂಬಿ 80 ಕಿಲೋಮೀಟರ್ ಹೋಗಿ ಒಂದು ಮೆಟ್ಟಿಲ ಮುಂದೆ ನಿಂತು ವಾಪಸ್ ಬಂದಿದ್ದೀನಿ. ಅನುಕೂಲ ಅನ್ನೋದು ಯಾರ ಮೈಗೆ? ಎರಡು ಹೆಜ್ಜೆ ಇಡಬಲ್ಲವರು ವೀಲ್‌ಚೇರಿನಲ್ಲಿ ಇರ್ತಾರೆ, ಕತ್ತು ಮಾತ್ರ ತಿರುಗಿಸಬಲ್ಲವರೂ ಇರ್ತಾರೆ. ದೊಡ್ಡ ಮೋಟರ್ ಕುರ್ಚಿಯಾದ್ರೆ ಅದೇ ನೂರು ಕಿಲೋ ದಾಟುತ್ತೆ, ಅದನ್ನ ಯಾರು ಎತ್ತೋದು? ಅದಕ್ಕೆ ಅಳತೆ ಕೊಡಿ ಅನ್ನೋದು. ಬಾಗಿಲು ಇಷ್ಟು ಇಂಚು, ಇಳಿಜಾರು ಇಷ್ಟು, ಬಸ್ಸಿನ ನೆಲ ಇಷ್ಟೆತ್ತರ. ನಾಲ್ಕು ಫೋಟೋ. ಡ್ರಾಯಿಂಗ್ ಒಪ್ಪಿಸೋವಾಗ ಈ ಅಳತೆಗಳ ಬೋರ್ಡನ್ನೂ ಎಸ್ಟಿಮೇಟಿಗೆ ಸೇರಿಸು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ.

ಅಳಿಯ: ಸೇರಿಸ್ತೀನಿ. ಅಷ್ಟರಲ್ಲಿ ನಾವು ಎಲ್ಲಿಗೂ ಹೋಗೋದೇ ಬೇಡ್ವಾ?

ಅತ್ತೆ: ಫೆಬ್ರವರಿ ಬಂದ್ರೆ ಕೊಕ್ಕರೆ ಬೆಳ್ಳೂರಿಗೆ ಹೋಗೋಣ. ಮದ್ದೂರಿನ ಹತ್ರ. ರಾಷ್ಟ್ರೀಯ ಉದ್ಯಾನ ಅಲ್ಲ, ಊರು. ಮನೆ ಮಧ್ಯದ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ತವೆ. ಬೀದಿಯಲ್ಲಿ ಕುರ್ಚಿ ನಿಲ್ಲಿಸ್ಕೊಂಡು ತಲೆ ಎತ್ತಿದ್ರೆ ಸಾಕು. ಹಕ್ಕಿಗಳೇ ಜನರ ಹತ್ರ ಬಂದು ಇರೋ ಜಾಗ. ಆದ್ರೆ ಅದಾಯ್ತು ಅಂತ ನೀನು ಹುಲಿ ಮರೀಬೇಡ. ಆ ಹುಲಿಯನ್ನ ನಾನು ಇನ್ನೊಂದು ಸಲ ನೋಡಬೇಕು.

ಅಳಿಯ: ಟೇಪ್ ಇದೆ ಬ್ಯಾಗಲ್ಲಿ. ನಿಮ್ಮ ಕುರ್ಚಿ ಅಳೀಲಾ? ಪುಸ್ತಕದ ಅಳತೆ ಬಿಟ್ಟು ಇದನ್ನೇ ಹಾಕ್ತೀನಿ.

ಅತ್ತೆ: ಪುಸ್ತಕದ್ದೂ ಇರಲಿ, ನನಗಿಂತ ದೊಡ್ಡ ಕುರ್ಚಿಯವರು ಬರ್ತಾರೆ. ಅಳಿ.

ಅಳಿಯ: ಚಕ್ರದಿಂದ ಚಕ್ರಕ್ಕೆ 25 ಇಂಚು. ಹಿಂದಿನಿಂದ ಪಾದದ ತುದಿವರೆಗೆ 43. ನೆಟ್ಟಗೆ ಕೂತ್ಕೊಳ್ಳಿ. ನೆಲದಿಂದ ಕಣ್ಣಿಗೆ 44.

ಅತ್ತೆ: ಕಣ್ಣು ಯಾಕೆ?

ಅಳಿಯ: ಬಸ್ಸಿನ ಕಿಟಕಿಗೆ ಅಡ್ಡ ಕಂಬಿ ಬರುತ್ತೆ ಅತ್ತೆ. ಈ ಡ್ರಾಯಿಂಗಿನಲ್ಲಿ ಅದು ಬಸ್ಸಿನ ನೆಲದಿಂದ 44ಕ್ಕೇ ಇದೆ. ನಿಮ್ಮ ಕಣ್ಣಿಗೆ ಸರಿಯಾಗಿ.

ಅತ್ತೆ: ಬೆಟ್ಟದ ಮೇಲಿನ ನೋಟದ ಜಾಗಗಳಲ್ಲೂ ಹಾಗೇ. ನಿಂತವರ ಸೊಂಟಕ್ಕೆ ಅಂತ ಗೋಡೆ ಕಟ್ತಾರೆ, ನನಗೆ ಕಾಣೋದು ಗೋಡೆಯ ಗಾರೆ.

ಅಳಿಯ: ಕಂಬಿ ಇಳಿಸ್ತೀನಿ. 38 ಮಾಡಿದ್ರೆ ಸಾಕಾ?

ಅತ್ತೆ: ತಡಿ, ಇನ್ನೊಮ್ಮೆ ಅಳಿ. ಇವತ್ತು ಕೂತಿರೋದು ಹೊಸ ದಿಂಬಿನ ಮೇಲೆ. ಪ್ರಯಾಣಕ್ಕೆ ಹಾಕೋ ಗಾಳಿ ದಿಂಬು ಆ ಬೀರುವಿನಲ್ಲಿದೆ, ಇದಕ್ಕಿಂತ ಒಂದಿಂಚು ದಪ್ಪ. ಅದನ್ನ ತಗೊಂಡು ಬಾ.